ಗೋವಿಂದರಾಜುವನ್ನೇ ಕೇಳು

ದಾಬಸ್‌ಪೇಟೆಯ ಗೋದಾಮೊಂದರಲ್ಲಿ ಮಾಲು ಕಳಿಸುವ ಕೆಲಸ ನೋಡಿಕೊಳ್ಳುವ ಗೋವಿಂದರಾಜು ಒಂದೇ ಒಂದು ದಿನದ ರಜೆ ಕೇಳಿದ. ತಪ್ಪಾಗಿದ್ದೇ ಅಲ್ಲಿ.

ಕಾರಣವೇನೂ ಸುಳ್ಳಲ್ಲ. ನಾಳೆ ಶಿವಗಂಗೆಯಲ್ಲಿ ತಂಗಿ ಮಮತಳ ಮಗನಿಗೆ ಮುಡಿ ತೆಗೆಸಬೇಕು. ಸೋದರಮಾವನ ತೊಡೆಯ ಮೇಲೆ ಕೂರಿಸದೆ ಮಗುವಿನ ಕೂದಲಿಗೆ ಕತ್ತಿ ತಾಗಿಸುವಂತಿಲ್ಲ. ಈ ಸೋದರಮಾವನಿಗೆ ರಜೆ ಸಿಗದೆ ಮುಡಿ ಆಗಲೇ ಮೂರು ಸಲ ಮುಂದಕ್ಕೆ ಹೋಗಿತ್ತು. ಗಂಡು ಮಗುವಿಗೆ ಈಗ ಎರಡು ಜಡೆ. ಬಸ್ಸಿನಲ್ಲಿ ಕಂಡವರೆಲ್ಲ "ಏನ್ ಹೆಸ್ರು ಪುಟ್ಟಿ?" ಎಂದು ಕೇಳುತ್ತಿದ್ದರು.

"ರಜೆ ತಗೋ ಗುರು, ಯಾರ್ ಬೇಡ ಅಂದ್ರು?" ಎಂದ ಮ್ಯಾನೇಜರ್ ದೇವೇಂದ್ರ. "ಇವತ್ತಿಂದ ನಮ್ ಕಂಪ್ಯೂಟರಲ್ಲಿ ಎಐ ಏಜೆಂಟ್ ಕೆಲ್ಸ ಮಾಡುತ್ತೆ. ಗೇಟ್ ಪಾಸು, ಸ್ಟಾಕು, ರಜೆ, ಎಲ್ಲಾ ಅದೇ ನೋಡ್ಕೊಳ್ಳುತ್ತೆ. ಆದ್ರೆ ಯಾವ ಬಟನ್ ಯಾವಾಗ ಒತ್ತಬೇಕು ಅಂತ ಅದಕ್ಕೆ ಬರ್ದುಕೊಡ್ಬೇಕು. ಬರ್ದಿದ್ದನ್ನ ಬಿಟ್ಟು ಒಂದಿಂಚು ಆಚೀಚೆ ಹೋಗಲ್ಲ ಅದು. ಸಂಜೆ ಐದರೊಳಗೆ ಬರ್ದು ಹೊರಡು."

ಇಷ್ಟೇನಾ ಎಂದುಕೊಂಡ ಗೋವಿಂದರಾಜು, ಕಂಪನಿಯ ಹಳೇ ಪುಸ್ತಕ ನೋಡಿ ಹನ್ನೊಂದು ಗಂಟೆಗೇ ಬರೆದು ಮುಗಿಸಿದ. "ಡ್ಯಾಮೇಜ್: ಮಾಲು ಹಾಳಾದಾಗ ಒತ್ತುವ ಬಟನ್. ಇದನ್ನು ಒತ್ತಿದ ಮಾಲನ್ನು ಗುಜರಿಗೆ ಕಳಿಸಬೇಕು." ಏಜೆಂಟಿಗೆ ಓದಲು ಕೊಟ್ಟು ಟೀ ಕುಡಿಯಲು ಹೋದ.

ಆದರೆ ಆ ಗೋದಾಮಿನಲ್ಲಿ ನಾಲ್ಕು ವರ್ಷದಿಂದ ಡ್ಯಾಮೇಜ್ ಅಂದರೆ ಡ್ಯಾಮೇಜ್ ಅಲ್ಲ. ಮಾಲನ್ನು ಸದ್ಯಕ್ಕೆ ಕಳಿಸದೆ ಎತ್ತಿಡಲು 'ಹೋಲ್ಡ್' ಅಂತ ಬೇರೆ ಬಟನ್ ಇದೆ. ಅದನ್ನು ಒತ್ತಿದರೆ ಹೆಡ್ಡಾಫೀಸಿನವರು ಒಪ್ಪಿಗೆ ಕೊಡಲು ಎರಡು ದಿನ ಮಾಡುತ್ತಾರೆ. ಹಾಗಾಗಿ ಎತ್ತಿಡುವುದನ್ನೆಲ್ಲ ಡ್ಯಾಮೇಜ್ ಒತ್ತಿ ಮೂಲೆಗಿಡುವುದು ಇಲ್ಲಿನ ರೂಢಿ. ಇದು ಎಲ್ಲರಿಗೂ ಗೊತ್ತು, ಏಜೆಂಟ್ ಒಂದನ್ನು ಬಿಟ್ಟು.

ಹನ್ನೆರಡೂವರೆಗೆ ಗುಜರಿ ಲಾರಿ ಬಂದು ನಿಂತಿತು. ಲೋಡಿಂಗ್ ಮೇಸ್ತ್ರಿ ಬೈರಣ್ಣ ಅದಕ್ಕೆ ಹೊಸ ಹೊಸ ಮಿಕ್ಸಿಗಳನ್ನು ಹೇರಿಸುತ್ತಿದ್ದ.

"ಅಯ್ಯಯ್ಯೋ, ಏನ್ ಮಾಡ್ತಿದೀಯ ಬೈರಣ್ಣ!"

"ಇನ್ನೂರಿಪ್ಪತ್ತು ಮಿಕ್ಸಿ ಗುಜರಿಗೆ ಹಾಕು ಅಂತ ಏಜೆಂಟು ಮೆಸೇಜ್ ಕಳ್ಸೈತೆ."

"ಸೀಲೇ ಒಡೆದಿಲ್ಲ, ಕಾಣಲ್ವಾ ನಿಂಗೆ?"

"ಕಾಣ್ತು. ಯಾರೋ ದೇವನಹಳ್ಳಿ ಕಡೆ ಸೈಟ್ ಏಜೆಂಟು ಇರ್ಬೇಕು, ಅವರಿಗೆಲ್ಲ ಇದೊಂದು ಲೆಕ್ಕಾನಾ ಅನ್ಕಂಡೆ."

ಗೋವಿಂದರಾಜು ಲಾರಿಯ ಹಿಂಬಾಗಿಲಿಗೆ ಜೋತುಬಿದ್ದು ಮಿಕ್ಸಿಗಳನ್ನು ಇಳಿಸಿಕೊಂಡ. ದೇವೇಂದ್ರ ಕೆಂಡವಾದ. "ಪುಸ್ತಕದಲ್ಲಿರೋದು ಯಾರಿಗ್ ಬೇಕು? ಇಲ್ಲಿ ನಿಜವಾಗ್ಲೂ ಏನ್ ನಡೆಯುತ್ತೋ ಅದನ್ನ ಬರಿ. ಇಲ್ದಿದ್ರೆ ನಾಳೆ ರಜೆ ಮರೆತ್ಬಿಡು!"

ನಿಜ ಬರೆಯಬೇಕು ಅಂದದ್ದೇ ತಡ, ಸಲಹೆ ಕೊಡುವವರು ಸುತ್ತ ನೆರೆದರು. ಸ್ಟಾಕ್ ನೋಡುವ ಅನುಸೂಯಮ್ಮ ಕುರ್ಚಿಯನ್ನೇ ಎಳೆದುಕೊಂಡು ಬಂದರು.

"ಡ್ಯಾಮೇಜ್ ಅಂದ್ರೆ ಎತ್ತಿಡೋದು ಅಂತ ಬರ್ಕೋ. ಆದ್ರೆ ನಿಜವಾಗ್ಲೂ ಒಡೆದ್ರೂ ನಾವು ಒತ್ತೋದು ಅದನ್ನೇ."

"ಒಡೆದಿದ್ದು ಯಾವ್ದು, ಎತ್ತಿಟ್ಟಿದ್ದು ಯಾವ್ದು ಅಂತ ಅದಕ್ಕೆ ಹೆಂಗ್ ಗೊತ್ತಾಗ್ಬೇಕಕ್ಕಾ?"

"ಅಲ್ಲಾಡ್ಸಿ ನೋಡಿದ್ರೆ ಗೊತ್ತಾಗುತ್ತಪ್ಪ."

"ಅದಕ್ಕೆ ಕೈಯಿಲ್ಲ ಅಕ್ಕಾ!"

"ಹಂಗಾದ್ರೆ ನಿನ್ನ ಕೇಳ್ಲಿ ಬಿಡು."

ಗೋವಿಂದರಾಜು ಬರೆದ: "ಅನುಮಾನ ಬಂದರೆ ಗೋವಿಂದರಾಜುವನ್ನು ಕೇಳು."

ಬೈರಣ್ಣ ತಲೆ ತೂರಿಸಿದ. "ಗೇಟ್ ಪಾಸ್ ಕ್ಯಾನ್ಸಲ್ ಅಂದ್ರೆ ಡ್ರೈವರ್ ಊಟಕ್ಕೆ ಹೋಗವ್ನೆ ಅಂತ ಅರ್ಥ. ಅದನ್ನೂ ಬರಿ."

"ಊಟಕ್ಕೆ ಹೋದೋನು ವಾಪಸ್ ಬರ್ದಿದ್ರೆ?"

"ನಿನ್ನ ಕೇಳ್ಲಿ."

ಅದನ್ನೂ ಬರೆದ. ಎಂಥ ಸುಖವಾದ ಸಾಲು! ಎಲ್ಲೆಲ್ಲಿ ತಲೆ ಕೆಡುತ್ತದೋ ಅಲ್ಲೆಲ್ಲ ಅದನ್ನು ಹಾಕಿದರೆ ಮುಂದಿನ ಪುಟಕ್ಕೆ ಹೋಗಬಹುದು. ಕೊನೆಯದು ರಜೆಯ ಬಟನ್. ಇದರಲ್ಲಿ ಮಾತ್ರ ಯಾರ ಸಲಹೆಯನ್ನೂ ಕೇಳದೆ ಸ್ಪಷ್ಟವಾಗಿ ಬರೆದ: "ಯಾರೇ ರಜೆ ಕೇಳಿದರೂ ತಕ್ಷಣ ಕೊಡು. ಅವರ ಕೆಲಸ ಗೊತ್ತಿರುವ ಮನುಷ್ಯನನ್ನು ಹುಡುಕಿ ಬದಲಿ ಹಾಕು."

ಐದಕ್ಕೆ ಪರೀಕ್ಷೆ ನಡೆಯಿತು. ಅನುಮಾನ ಬಂದಾಗಲೆಲ್ಲ ಏಜೆಂಟ್ ಗೋವಿಂದರಾಜುವನ್ನು ಕೇಳಿತು, ಅವನು ಹೇಳಿದ. ಆರು ಲಾರಿಗಳು ಒಂದು ಚೂರೂ ತೊಂದರೆಯಿಲ್ಲದೆ ಹೊರಟವು.

"ಹಿಂಗ್ ಬರೀಬೇಕು ಕಣೋ!" ದೇವೇಂದ್ರ ಬೆನ್ನು ತಟ್ಟಿದ.

ಗೋವಿಂದರಾಜು ರಜೆಗೆ ಅರ್ಜಿ ಹಾಕಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಮಂಜೂರು! ಸಂತೋಷ ತಡೆಯಲಾರದೆ ತಂಗಿಗೆ ಫೋನ್ ಮಾಡಿದ. "ರಜೆ ಸಿಕ್ತು ಕಣೇ ಮಮತಾ! ಪೂಜೆಗೆ ಹೇಳ್ಬಿಡು, ಬೆಳಿಗ್ಗೇನೇ ಬಂದ್ಬಿಡ್ತೀನಿ."

ಅತ್ತ ಅವಳು "ನಿಜ್ವಾಗ್ಲೂನಾ ಅಣ್ಣಾ?" ಎಂದು ಅಳುವುದಕ್ಕೇ ಶುರುಮಾಡಿದಳು. ಇತ್ತ ಏಜೆಂಟಿನಿಂದ ಇನ್ನೊಂದು ಮೆಸೇಜ್ ಬಂತು.

"ನಿಮ್ಮ ಕೆಲಸ ಗೊತ್ತಿರುವವರನ್ನು ನೀವು ಬರೆದುಕೊಟ್ಟದ್ದರಲ್ಲೇ ಹುಡುಕಿದೆ. ನಲವತ್ಮೂರು ಕಡೆಯೂ ಒಂದೇ ಹೆಸರು ಸಿಕ್ಕಿತು. ನಾಳೆ ರಜೆಯ ಮೇಲಿರುವ ಗೋವಿಂದರಾಜು ಅವರ ಬದಲಿಗೆ ಗೋವಿಂದರಾಜು ಅವರನ್ನು ಹಾಕಿದ್ದೇನೆ. ಬೆಳಿಗ್ಗೆ ಆರಕ್ಕೆ ಹಾಜರಾಗಿ."

ಗೋವಿಂದರಾಜುವಿನ ಭುಜದ ಮೇಲಿಂದ ಬಗ್ಗಿ ದೇವೇಂದ್ರನೂ ಓದಿದ.

"ಸರಿಯಾಗೇ ಇದೆಯಲ್ಲೋ. ರಜೇನೂ ಸಿಕ್ತು, ಬದಲೀನೂ ಸಿಕ್ತು. ಇನ್ನೇನ್ ಬೇಕು ನಿಂಗೆ?"