ಪಾವಣೆದೋನ್ ಲೀಟರ್ ಹಾಲು

ಐರೋಲಿಯ ಒಂದು ಕಂಪನಿಯ ಸ್ಟೋರ್ಸಿನಲ್ಲಿ ಹದಿನೆಂಟು ವರ್ಷಗಳಿಂದ ನಟ್ಟು, ಬೋಲ್ಟು, ವಾಷರ್‌ಗಳನ್ನು ಎಣಿಸುತ್ತ ಬಂದವನು ನಾನು. ಇವತ್ತಿನವರೆಗೆ ಒಂದು ವಾಷರ್ ಕಡಿಮೆ ಬಿದ್ದಿಲ್ಲ. (ಒಂದು ಸಲ ಬಿತ್ತು. ಅದನ್ನು ಮುಂದೆ ಹೇಳುತ್ತೇನೆ.) ಇಂಥ ನನಗೆ ಮೂರನೇ ಇಯತ್ತೆಯ ಗಣಿತ ಬರುವುದಿಲ್ಲವೆಂದು ನನ್ನ ಮನೆಯಲ್ಲಿ ಸರ್ವಾನುಮತದಿಂದ ತೀರ್ಮಾನವಾಗಿದೆ. ಸರ್ವಾನುಮತವೆಂದರೆ ಎರಡು ಮತ, ಹೆಂಡತಿ ಕಾಂಚನಾಳದೊಂದು, ಮಗಳು ಶಿವಲೀಲಾಳದೊಂದು. ನನಗೆ ಮತದಾನದ ಹಕ್ಕಿಲ್ಲ.

ನನ್ನ ಹೆಸರು ಮುರುಗೆಪ್ಪ. ಕಂಪನಿಯವರು ಅದನ್ನು ‘ಮುರ್ಗಾ ಸಾಬ್’ ಮಾಡಿಟ್ಟಿದ್ದಾರೆ, ಎಂದರೆ ಕೋಳಿ ಸಾಹೇಬ. ಹೊರಗೆ ಕೋಳಿಯಾಗಿದ್ದವನು ಮನೆಯಲ್ಲಾದರೂ ಅಪ್ಪನಾಗಿರಬೇಕು ಎಂದು ಆಸೆಪಟ್ಟರೆ ಅದು ದೊಡ್ಡ ಆಸೆಯೇನಲ್ಲ.

ನಮ್ಮದು ಡೊಂಬಿವಲಿ ಪೂರ್ವದಲ್ಲಿ ಒಂದು ರೂಮು, ಒಂದು ಕಿಚನ್. ಬೆಳಿಗ್ಗೆ ನಾನು ಹೊರಡುವಾಗ ಶಿವಲೀಲಾ ಮಲಗಿರುತ್ತಾಳೆ. ಸಂಜೆ ಐರೋಲಿಯಿಂದ ಠಾಣೆಗೊಂದು ರೈಲು, ಠಾಣೆಯಿಂದ ಡೊಂಬಿವಲಿಗೊಂದು ರೈಲು. ಎರಡರಲ್ಲೂ ನಿಂತು, ನಾಲ್ಕು ಜನರ ಬೆವರನ್ನು ಒರೆಸಿಕೊಂಡು ಮನೆ ಸೇರುವಷ್ಟರಲ್ಲಿ ಅವಳ ಊಟ ಮುಗಿದಿರುತ್ತದೆ. ಆಮೇಲೆ ಅವಳಿಗೆ ನಿದ್ದೆ ಬರುವವರೆಗೆ ಸಿಗುವ ಸ್ವಲ್ಪ ಹೊತ್ತಿನಲ್ಲೇ ನಾನು ಅವಳಿಗೆ ಅಪ್ಪನಾಗಬೇಕು. ಮಾತಾಡಲು ವಿಷಯ ಬೇಕಲ್ಲ? ನಾನು ಕನ್ನಡದಲ್ಲಿ “ಉಂಡೇನವಾ?” ಎಂದರೆ ಅವಳು ಮರಾಠಿಯಲ್ಲಿ “ಹೋ” ಎನ್ನುತ್ತಾಳೆ. ಅಲ್ಲಿಗೆ ಸಂಭಾಷಣೆ ಸಂಪನ್ನ. ನಮ್ಮಿಬ್ಬರ ನಡುವೆ ಮಾತು ಬೆಳೆಯುವಂತಿದ್ದದ್ದು ಅವಳ ಗಣಿತದ ಪುಸ್ತಕದಿಂದ ಮಾತ್ರ. ಅದು ಕೈ ತಪ್ಪಿದರೆ ಮಗಳೇ ಕೈ ತಪ್ಪಿದಂತೆ ಎಂಬ ಭಯಕ್ಕೇ ನಾನು, ಬಾರದ ಮರಾಠಿಯನ್ನೂ ಬರುತ್ತದೆ ಎಂದು ನಟಿಸುತ್ತಿದ್ದೆ.

ಆ ದಿನ ಅವಳು ರಾಗವಾಗಿ ಓದಿದಳು. “ಆಯೀನೆ ಪಾವಣೆದೋನ್ ಲಿಟರ್ ದೂಧ್ ಆಣಲೆ. ಚಹಾಲಾ ಅರ್ಧಾ ಲಿಟರ್ ವಾಪರಲೆ. ಕಿತಿ ಉರಲೆ?”

ತಾಯಿ ಹಾಲು ತಂದಳು, ಚಹಾಕ್ಕೆ ಅರ್ಧ ಲೀಟರ್ ಬಳಸಿದಳು, ಉಳಿದದ್ದೆಷ್ಟು. ಇಷ್ಟು ನನಗೂ ತಿಳಿಯಿತು. ತೊಡಕು ನಡುವಿನ ‘ಪಾವಣೆದೋನ್’ದು. ದೋನ್ ಎಂದರೆ ಎರಡು. ಇನ್ನು ನಮ್ಮ ಮುದ್ದೇಬಿಹಾಳದ ಕಡೆ ಮನೆಗೆ ಬರುವ ನೆಂಟರಿಗೆ ‘ಪಾವಣೇರು’ ಎನ್ನುತ್ತೇವೆ. ನನ್ನ ಮೆದುಳು ಕ್ಷಣಾರ್ಧದಲ್ಲಿ ಎರಡನ್ನೂ ಜೋಡಿಸಿತು.

“ಪಾವಣೇರು ಇಬ್ರು ಬಂದಾರವಾ,” ಎಂದೆ. “ಅದಕ್ಕ ಅವರವ್ವ ಲೀಟರ್ ಹಾಲು ತಂದಾಳ. ಅರ್ಧ ಚಾಕ್ಕ ಹೋತು. ಅರ್ಧ ಉಳೀತು. ಬರಿ.”

“ಪಣ್ ಅಪ್ಪಾ, ಬಾಯೀನೀ ಕಾಹೀತರೀ ವೇಗಳಂ ಸಾಂಗಿತಲಂ.”

ಬಾಯಿ ಬೇರೇನೋ ಹೇಳಿದ್ದರು ಎಂದು ಅವಳ ತಕರಾರು. (ಇಲ್ಲಿ ಟೀಚರಿಗೆ ಬಾಯಿ ಎನ್ನುತ್ತಾರೆ. ನನಗೆ ಇರುವುದು ಇನ್ನೊಂದು ಬಾಯಿ, ಮುಂದಿನ ಅನಾಹುತಕ್ಕೆಲ್ಲ ಅದೇ ಕಾರಣ.)

“ಪಾವಣೇರ ವಿಷಯ ನಿಮ್ಮ ಬಾಯಿಗೇನು ಗೊತ್ತು? ಬರಿ ನೀ.”

ಎರಡನೆಯ ಲೆಕ್ಕದಲ್ಲಿ ‘ಪಾವಣೆತೀನ್ ಮೀಟರ್ ಕಾಪಡ’ ಬಂತು. ತೀನ್ ಎಂದರೆ ಮೂರು. ನೆಂಟರು ಮೂವರು, ಬಟ್ಟೆ ಒಂದು ಮೀಟರು.

“ತಿಘಾಂನಾ ಏಕಚ್ ಮೀಟರ್?” ಮೂವರಿಗೂ ಒಂದೇ ಮೀಟರೇ ಎಂದು ಮಗಳು ಹುಬ್ಬೇರಿಸಿದಳು.

“ಪಾವಣೇರು ಹೋಗುವಾಗ ಕುಬಸದ ಖಣ ಕೊಡಬೇಕಲ್ಲವಾ. ಇದ್ದುದ್ರಾಗ ಕೊಡ್ತಾರ.”

ಒಲೆಯ ಮುಂದಿನಿಂದ ಕಾಂಚನಾ ಕೇಳಿದಳು, “ಒಂದು ಮೀಟರಿನಾಗ ಮೂರು ಖಣ ಯಾವ ಊರಾಗ ಹರೀತಾರ್ರಿ? ಮುಂದಿನ ಸಲ ನಿಮ್ಮ ಅಕ್ಕ ಬಂದಾಗ ಹಂಗ ಕೊಡೂಣೇನು?”

“ಇದು ಗಣಿತ. ಇದರಾಗ ನಮ್ಮ ಅಕ್ಕನ್ನ ತರಬ್ಯಾಡ,” ಎಂದೆ.

ಮೂರನೆಯದು ‘ಪಾವಣೆಪಾಚ್ ಕಿಲೋ ಸಾಖರ್’. ಅಷ್ಟರಲ್ಲಿ ಮಗಳಿಗೆ ಸೂತ್ರ ಹಿಡಿತಕ್ಕೆ ಬಂದಿತ್ತು. ಐದು ಜನ ನೆಂಟರನ್ನೂ ಒಂದು ಕಿಲೋ ಸಕ್ಕರೆಯನ್ನೂ ತಾನೇ ಬರೆದು ಮುಗಿಸಿ, ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿಬಿಟ್ಟಳು. ಬದುಕಿನಲ್ಲಿ ನಾನು ಅಷ್ಟು ತೃಪ್ತನಾಗಿದ್ದ ಸಂಜೆ ಇನ್ನೊಂದಿಲ್ಲ.

ಎರಡು ದಿನ ಬಿಟ್ಟು ಅವಳು ಲೆಕ್ಕ ಬರೆದಿದ್ದ ವಹಿ ವಾಪಸು ಬಂತು. ಮೂರಕ್ಕೆ ಮೂರೂ ತಪ್ಪು. ಕೆಳಗೆ ಕೆಂಪು ಶಾಯಿಯಲ್ಲಿ ಬಾಯಿಯ ಷರಾ: ‘ತುಮಚ್ಯಾಕಡೆ ಪಾಹುಣೆ ಫಾರ್ ಯೇತಾತ್ ಕಾ?’ ನಿಮ್ಮಲ್ಲಿಗೆ ನೆಂಟರು ಬಹಳ ಬರುತ್ತಾರೆಯೆ?

ಕಾಂಚನಾ ಆ ವಹಿಯನ್ನು ಕೆಳಮಹಡಿಯ ವೇದಾವತಿಯವರ ಹತ್ತಿರ ಒಯ್ದಳು. ಕುಂದಾಪುರದ ಹೆಂಗಸು, ಮನೆಯಲ್ಲೇ ಟ್ಯೂಷನ್ ಹೇಳುತ್ತಾರೆ. ಐದೇ ನಿಮಿಷದಲ್ಲಿ ಇಬ್ಬರೂ ಮೇಲೆ ಬಂದರು. ಒಬ್ಬರು ನಗುತ್ತಿದ್ದರು. ಅದು ನನ್ನ ಹೆಂಡತಿಯಲ್ಲ.

“ಪಾವಣೆ ಅಂದ್ರೆ ಕಾಲು ಕಮ್ಮಿ ಮಾರಾಯ್ರೆ,” ಎಂದರು ವೇದಾವತಿ. “ಪಾವಣೆದೋನ್ ಅಂದ್ರೆ ಎರಡಕ್ಕೆ ಕಾಲು ಕಮ್ಮಿ, ಒಂದೂಮುಕ್ಕಾಲು. ಇದ್ರಲ್ಲಿ ನೆಂಟ್ರು ಎಲ್ಲಿಂದ ಬಂದ್ರು? ಇಷ್ಟು ವರ್ಷದಿಂದ ಇಲ್ಲಿದ್ದೀರಿ, ಟೈಮ್ ಹೇಳುವಾಗ ಕೇಳಲಿಲ್ವಾ?”

ಕೇಳಿರಲಿಲ್ಲ. ಲೋಕಲ್ ರೈಲಿನವನಿಗೆ ಪಾವಣೆ, ಸವ್ವಾ ಯಾವುದೂ ಇಲ್ಲ. ನನ್ನದು ಏಳು ಎರಡರ ಗಾಡಿ. ತಪ್ಪಿದರೆ ಏಳು ಒಂಬತ್ತರದು. ಹದಿನೆಂಟು ವರ್ಷ ನಾನು ನಿಮಿಷಗಳಲ್ಲೇ ಬದುಕಿದ್ದೆ, ಕಾಲು ಗಂಟೆಗಳ ಪರಿಚಯವೇ ಆಗಿರಲಿಲ್ಲ. ಇದನ್ನು ವಿವರಿಸಲು ಹೋದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

“ನಾಳಿಂದ ಲೀಲಾನ್ನ ಕೆಳಗ ಟ್ಯೂಷನ್‌ಗೆ ಕಳಸ್ತೇನಿ,” ಎಂದಳು ಕಾಂಚನಾ. “ಸಂಜೀ ಬ್ಯಾಚ್ ತುಂಬ್ಯಾವಂತ. ಎಂಟೂವರಿಯಿಂದ ಒಂಬತ್ತೂವರಿತನ ಜಾಗಾ ಐತಿ.”

ನನಗೆ ಮಗಳು ಸಿಗುತ್ತಿದ್ದ ಹೊತ್ತೇ ಅದು.

“ಒಂದು ತಿಂಗಳು ತಡಿ. ಚಾಚಣಿ ಪರೀಕ್ಷಾ ಮುಗೀಲಿ. ಅಕಿಗೆ ಮಾರ್ಕ್ಸ್ ಕಡಿಮಿ ಬಂದ್ರ ಕಳಸು, ನಾ ತುಟಿ ಪಿಟ್ಟನ್ನೂದಿಲ್ಲ.”

“ನೀವ ಕಲಸ್ತೀರಿ?”

“ಮೊದಲ ನಾ ಕಲೀತೇನಿ.”

ಅಂದು ಶುರುವಾಯಿತು ನನ್ನ ವಿದ್ಯಾಭ್ಯಾಸ. ರೈಲಿನಲ್ಲಿ ದಿನಾ ನನ್ನ ಪಕ್ಕ ನಿಲ್ಲುವ ದೇವದಾಸ್ ಎಂಬವರನ್ನು ಗುರುಗಳನ್ನಾಗಿ ಸ್ವೀಕರಿಸಿದೆ. ಸವ್ವಾ ಎಂದರೆ ಕಾಲು ಹೆಚ್ಚು. ಸಾಡೆ ಎಂದರೆ ಅರ್ಧ ಹೆಚ್ಚು. ದೀಡ್ ಒಂದೂವರೆ, ಅಡೀಚ್ ಎರಡೂವರೆ. ಹಿಂದೆ ಮುಂದೆ ಏನೂ ಇಲ್ಲದ ಒಂಟಿ ಮುಕ್ಕಾಲಿಗೆ ‘ಪಾಊಣ್’. ಕಾಲಿಡಲು ಜಾಗವಿಲ್ಲದ ಡಬ್ಬಿಯಲ್ಲಿ ನಾನು ಕಾಲು, ಅರ್ಧ, ಮುಕ್ಕಾಲು ಎಂದು ಜಪಿಸುತ್ತಿದ್ದೆ. ಅದೇ ಧ್ಯಾನದಲ್ಲಿ ಒಂದು ದಿನ ಸ್ಟೋರ್ಸಿನ ಚಲನ್ ಮೇಲೆ ‘ವಾಷರ್, ಪಾವಣೆತೀನ್ ಡಜನ್’ ಎಂದು ಬರೆದುಬಿಟ್ಟೆ. ಮ್ಯಾನೇಜರ್ ಕರೆದು, ಮುರ್ಗಾ ಸಾಬ್, ಮೈಯಲ್ಲಿ ಹುಷಾರಿದೆಯೇ ಎಂದು ಹಿಂದಿಯಲ್ಲಿ ವಿಚಾರಿಸಿದರು. ಮೂವತ್ತಮೂರು ವಾಷರ್ ಹೋಗಬೇಕಾದಲ್ಲಿ ಮೂವತ್ತೆರಡು ಹೋಗಿದ್ದವು.

ಸಂಜೆ ಮಾತ್ರ ಬಹಳ ಚೆನ್ನಾಗಿ ನಡೆಯಿತು. ಹಾಲು, ಬಟ್ಟೆ, ಸಕ್ಕರೆ ಮುಗಿದ ಮೇಲೆ ಗಡಿಯಾರದ ಲೆಕ್ಕಗಳು ಬಂದವು. ಶಿವಲೀಲಾ ಗೋಡೆಯ ಗಡಿಯಾರವನ್ನೇ ಕೆಳಗಿಳಿಸಿ, ಮುಳ್ಳು ತಿರುಗಿಸಿ ನನ್ನನ್ನು ಪ್ರಶ್ನಿಸುತ್ತಿದ್ದಳು. ನಾನು ತಪ್ಪಿದರೆ ನಗುತ್ತಿದ್ದಳು. ಅವಳು ನಗಲಿ ಎಂದು ಕೆಲವೊಮ್ಮೆ ಬೇಕೆಂದೇ ತಪ್ಪುತ್ತಿದ್ದೆ. (ಎಲ್ಲವೂ ಬೇಕೆಂದೇ ಅಲ್ಲ.)

ಕೊನೆಗೆ ಚಾಚಣಿಯ ಫಲಿತಾಂಶ ಬಂತು. ಇಪ್ಪತ್ತಕ್ಕೆ ಇಪ್ಪತ್ತು. ನಾನು ಪೇಪರನ್ನು ಕಾಂಚನಾಳ ಮುಖದೆದುರು ಹಿಡಿದು ನಿಂತೆ.

“ನೋಡು. ಟ್ಯೂಷನ್ ರದ್ದು.”

“ನೋಡೇನಿ,” ಎಂದಳು ಅವಳು. ಅವಳ ದನಿ ಎಂದಿನಂತಿರಲಿಲ್ಲ. “ಕಡೀ ಪ್ರಶ್ನೆ ನೀವು ಓದೀರೇನು?”

ಕೊನೆಯ ಪ್ರಶ್ನೆ, ಮಕ್ಕಳೇ ಒಂದು ಲೆಕ್ಕ ರಚಿಸಿ ಬಿಡಿಸಬೇಕು ಎಂದಿತ್ತು. ಶಿವಲೀಲಾ ಮರಾಠಿಯಲ್ಲಿ ದುಂಡಗೆ ಬರೆದಿದ್ದಳು. ಈಗ ನನಗೆ ಒಂದಕ್ಷರವೂ ತೊಡಕಾಗಲಿಲ್ಲ. ಕಲಿತದ್ದೇ ತಪ್ಪಾಯಿತು.

‘ನನ್ನ ಅಪ್ಪ ಬೆಳಿಗ್ಗೆ ಪಾವಣೆಸಾತಕ್ಕೆ ಹೋಗುತ್ತಾರೆ. ಆಗ ನಾನು ಮಲಗಿರುತ್ತೇನೆ. ರಾತ್ರಿ ಪಾವಣೆನಊಕ್ಕೆ ಬರುತ್ತಾರೆ. ನಾನು ಸಾಡೆನಊಕ್ಕೆ ಮಲಗುತ್ತೇನೆ. ಹಾಗಾದರೆ ನನ್ನ ಅಪ್ಪ ನನಗೆ ದಿನಕ್ಕೆ ಎಷ್ಟು ಹೊತ್ತು ಸಿಗುತ್ತಾರೆ? ಉತ್ತರ: ಪಾಊಣ್ ತಾಸ್.’

ಎಂಟೂಮುಕ್ಕಾಲರಿಂದ ಒಂಬತ್ತೂವರೆಗೆ ಮುಕ್ಕಾಲು ಗಂಟೆ. ಲೆಕ್ಕ ಸರಿಯಾಗಿತ್ತು. ಅದರ ಪಕ್ಕ ಕೆಂಪು ಶಾಯಿಯ ಸರಿ ಗುರುತಿತ್ತು. ಕೆಳಗೆ ಬಾಯಿಯ ಷರಾ: ‘ಆತಾ ಕಳಲಂ, ಪಾಹುಣಾ ಕೋಣ್ ತೇ.’ ನೆಂಟ ಯಾರೆಂದು ಈಗ ತಿಳಿಯಿತು.

ಹೇಗಾದರೂ ತಪ್ಪು ಹುಡುಕಬೇಕೆಂದು ಒದ್ದಾಡಿದೆ. “ಇದರಾಗ ರವಿವಾರ ಹಿಡಿದಿಲ್ಲಲ್ಲವಾ,” ಎಂದೆ.

“ರವಿವಾರೀ ತುಮ್ಹೀ ಝೋಪತಾ, ಅಪ್ಪಾ.”

ಭಾನುವಾರ ನಾನು ನಿದ್ದೆ ಹೊಡೆಯುತ್ತೇನೆ. ಅದೂ ನಿಜ. ಪೇಪರನ್ನು ಮಡಚಿ, ಮತ್ತೆ ಬಿಡಿಸಿ, ಸುಮ್ಮನೆ ನೋಡುತ್ತ ಕುಳಿತೆ. ತಲೆಯೆತ್ತಿದಾಗ ಅವಳು ಹಾಸಿಗೆ ಹಾಸಿಕೊಂಡು ಮಲಗಿಯಾಗಿತ್ತು. ಅವತ್ತಿನ ಮುಕ್ಕಾಲು ಗಂಟೆಯನ್ನು ನಾನು ಗೆದ್ದ ಮಾರ್ಕ್ಸ್ ನೋಡುವುದರಲ್ಲೇ ಕಳೆದಿದ್ದೆ.

ಮರುದಿನ ಮನೆಯ ಬಾಗಿಲು ತಟ್ಟಿದಾಗ ಸರಿಯಾಗಿ ಪಾವಣೆನಊ. ಬಾಗಿಲು ತೆರೆದದ್ದು ಶಿವಲೀಲಾ. ಅವಳ ಕೈಯಲ್ಲಿ ಒಂದು ತಂಬಿಗೆ ನೀರು, ತಾಟಿನಲ್ಲಿ ಒಂದು ತುಂಡು ಬೆಲ್ಲ. ನಮ್ಮ ಕಡೆ ಪಾವಣೇರು ಬಂದರೆ ಮೊದಲು ಕೊಡುವುದು ಅದನ್ನೇ. ಹಿಂದೆ ನಿಂತಿದ್ದ ಕಾಂಚನಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

“ಬರ್ರಿ ಪಾವಣೇರ,” ಎಂದಳು ನನ್ನ ಮಗಳು, ಶುದ್ಧ ನಮ್ಮೂರ ಕನ್ನಡದಲ್ಲಿ. ನಿನ್ನೆಯವರೆಗೆ ಅಷ್ಟುದ್ದ ಕನ್ನಡ ಆಡಿದವಳಲ್ಲ. “ಎಷ್ಟೊತ್ತು ಇರ್ತೀರಿ?”

ನಾನು ಚಪ್ಪಲಿ ಕಳಚಿದೆ. “ಪಾಊಣ್ ತಾಸ್,” ಎಂದು ಹೇಳಿ, ಬೆಲ್ಲ ಬಾಯಿಗೆ ಹಾಕಿಕೊಂಡೆ.