ಫಕೀರವ್ವನ ಪೈಪೂ ಒಂಬತ್ತನೇ ಕಾಲಮ್ಮೂ

ಕೃತ, ತ್ರೇತಾ, ದ್ವಾಪರ ಯುಗಗಳು ಕಳೆದು, ಕಲಿಯುಗವೂ ಒಂದಿಷ್ಟು ಸವೆದು, ಅದರ ಹೊಟ್ಟೆ ಸೀಳಿಕೊಂಡು ಕಾಲಮ್ಮುಗಳ ಯುಗ ಹುಟ್ಟಿ ಬಂದಿರಲು, ಮನುಷ್ಯನು ಬದುಕಿದ್ದಾನೆಂಬುದಕ್ಕೆ ಅವನ ಉಸಿರು ಸಾಲದೆ ಅವನ ಹೆಸರಿನ ಮುಂದೊಂದು ಟಿಕ್ ಗುರುತೂ ಬೇಕಾದ ಆ ಪುಣ್ಯಕಾಲದಲ್ಲಿ, ಕೆಂಚಲಾಪುರವೆಂಬ ಪಟ್ಟಣದ ಉಳ್ಳಾಗಡ್ಡಿ ಮಾರುಕಟ್ಟೆಯ ಹಿಂಬದಿಯಲ್ಲಿ ನಡೆದ ಘೋರ ಸಂಗ್ರಾಮವನ್ನು ಹೇಳುತ್ತೇನೆ, ಕೇಳಿ. ಹೇ ಕೋಷ್ಟಕಾಧೀಶ್ವರಿ, ಚೌಕಮಧ್ಯವಾಸಿನಿ, ನೀಲಮಸಿಪ್ರಿಯೆ, ಮೂರು ಪ್ರತಿಗಳಲ್ಲಿ ಏಕಕಾಲಕ್ಕೆ ಪ್ರಕಟಗೊಳ್ಳುವ ತಾಯೇ, ನನ್ನ ನಾಲಗೆಯ ಮೇಲೆ ಬಂದು ಕೂರು. ಜಾಗ ಸಾಲದಿದ್ದರೆ ನಿಂತಿರು. ಈ ಕಥೆಯವರೆಲ್ಲ ಹಾಗೇ ಇದ್ದವರು.

ಸಕಲಗಣತಿವಿಶಾರದನೂ, ಜನ-ಕುರಿ-ಕೋಳಿ-ಶೌಚಾಲಯ-ಸಂಖ್ಯಾಕೋವಿದನೂ, ಪ್ಲಾಸ್ಟಿಕ್‌ಚೀಲಕವಚಧಾರಿಯೂ ಆದ ಈರಬಸಪ್ಪ ಮಾಸ್ತರನು ಒಂದು ಭಾನುವಾರದ ಮಧ್ಯಾಹ್ನ, ವಸತಿರಹಿತರ ಗಣತಿಯೆಂಬ ದಿಗ್ವಿಜಯಕ್ಕೆ ಹೊರಟನು. ವಾರದ ಆರು ದಿನ ಶಾಲೆಯಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಕೊಡುವವನು ಅವನು. ಮನೆಯಿದ್ದವನನ್ನು ಏಳನೆಯ ದಿನವೂ ಮನೆಯಲ್ಲಿರಲು ಬಿಡದೆ, ಮನೆಯಿಲ್ಲದವರನ್ನು ಹುಡುಕಿಕೊಂಡು ಬಾ ಎಂದು ಬಿಸಿಲಿಗೆ ಅಟ್ಟುವುದು ಯಾವ ಸೀಮೆಯ ರಾಜನೀತಿಯೋ ನಾನು ಕಾಣೆ.

ರಣರಂಗದ ವರ್ಣನೆ ಹೀಗಿದೆ. ಮಾರುಕಟ್ಟೆಯ ಹಿಂದೆ ಆಳೆತ್ತರದ ಸಿಮೆಂಟ್ ಪೈಪುಗಳು ಒಳಚರಂಡಿಗೆಂದು ಮೂರು ವರ್ಷದ ಕೆಳಗೆ ಬಂದು ಬಿದ್ದಿದ್ದವು. ಚರಂಡಿ ಬರಲಿಲ್ಲ, ಜನ ಬಂದರು. ಈಗ ಚರಂಡಿಯೂ ಬರುವುದಿತ್ತು. ಮರುದಿನದ್ದು ಬಿಟ್ಟು ಅದರ ಮುಂದಿನ ಸೋಮವಾರ ಪೈಪುಗಳನ್ನೆಲ್ಲ ನೆಲದೊಳಗೆ ಇಳಿಸುವುದೆಂದು ಆಟೋದಲ್ಲಿ ಮೈಕು ಕಟ್ಟಿ ಸಾರಲಾಗಿತ್ತು. ವಸತಿರಹಿತರ ಪಟ್ಟಿಯಲ್ಲಿ ಹೆಸರು ಸೇರಿದವರಿಗೆ ಕೆರೆ ದಂಡೆಯ ಹೊಸ ಒಂಟಿಕೋಣೆಗಳಲ್ಲಿ ಒಂದೊಂದು. ಸೇರದವರಿಗೆ ಆಕಾಶ.

ಮಾಸ್ತರನು ಮೊದಲ ಪೈಪಿನ ಮುಂದೆ ನಿಂತು, ಒಳಗಿದ್ದ ಮಾಬೂಬಿಯನ್ನು ಒಂಬತ್ತನೇ ಕಾಲಮ್ಮಿನ ಮಹಾಪ್ರಶ್ನೆಯಿಂದ ಎದುರಿಸಿದನು.

“ಮನಿ ಐತೇನಬೇ?”

“ಎಲ್ಲೈತ್ರೀ ಮನಿ? ಹಿಡಿ ಮಣ್ಣೂ ಇಲ್ಲ.”

ಎರಡೇ ನಿಮಿಷದಲ್ಲಿ ಆ ಕೋಟೆ ವಶವಾಯಿತು. ಮಾಬೂಬಿ ಪಟ್ಟಿ ಸೇರಿದಳು.

ಎರಡನೆಯ ಪೈಪು ಫಕೀರವ್ವನದು. ವರ್ತುಲಗುಹಾಂತರ್ವಾಸಿನಿ, ಗೋಣಿಪರದಾಶೋಭಿತೆ, ಮೂವತ್ತು ವರ್ಷಗಳಿಂದ ದಲ್ಲಾಳಿ ಅಂಗಡಿಗಳ ಉಳ್ಳಾಗಡ್ಡಿ ಆರಿಸುತ್ತ ಪಲಾಂಡುಗಂಧಲಿಪ್ತಹಸ್ತೆಯಾದ ಆ ವಿಧವೆ, ಪೈಪಿನ ಬಾಯಿಯ ಮುಂದೆ ಸೆಗಣಿ ಸಾರಿಸಿ, ರಂಗೋಲಿ ಎಳೆದು, ಮೂರು ಕಲ್ಲಿನ ಒಲೆಯ ಮೇಲೆ ಚಹಾ ಇಟ್ಟಿದ್ದಳು. ಮಾಸ್ತರನನ್ನು ಕಂಡವಳೇ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

“ಬಿಸಲಾಗ ಯಾಕ ನಿಂತೀರಿ ಮಾಸ್ತರ, ಒಳಗ ಬರ್ರಿ. ಮನಿಗೆ ಬಂದವರು ಚಾ ಕುಡೀದ ಹೋಗಬಾರ್ದು.”

ಎತ್ತಿದ ಪೆನ್ನು ಎತ್ತಿದಲ್ಲೇ ನಿಂತಿತು. ಏಕೆಂದರೆ ಗಣತಿಯ ಕೈಪಿಡಿಯಲ್ಲಿ ಒಂದು ನಿಯಮವಿತ್ತು: ಮಾಹಿತಿದಾರರು ತಮ್ಮ ಬಾಯಿಂದ ಹೇಳಿದ್ದನ್ನೇ ಬರೆಯತಕ್ಕದ್ದು, ಗಣತಿದಾರರು ತಮ್ಮ ಕಣ್ಣಿಗೆ ಕಂಡಂತೆ ತುಂಬತಕ್ಕದ್ದಲ್ಲ. ಕಣ್ಣನ್ನು ಮನೆಯಲ್ಲಿಟ್ಟು ಬಾ ಎಂದು ನೇರವಾಗಿ ಬರೆದಿದ್ದರೆ ಒಂದು ಸಾಲು ಉಳಿಯುತ್ತಿತ್ತು.

“ಏನಂದಿ? ಮನಿ ಅಂದೇನು?” ಮಾಸ್ತರ ಕೇಳಿದನು.

“ಮತ್ತೇನಂತಾರ್ರಿ? ಒಲಿ ಹೂಡಿದ್ದು ಮನಿ.”

“ಹಂಗನಬ್ಯಾಡ ಫಕೀರವ್ವ. ಮನಿ ಐತಿ ಅಂತ ಬರಕೊಂಡ್ರ ನಿನಗ ಖೋಲಿ ಸಿಗಾಂಗಿಲ್ಲ. ಮನಿ ಇಲ್ಲ ಅನ್ನು, ಬರಕೊಂಡು ಹೊಕ್ಕೀನಿ.”

“ಒಲಿ ಉರಿಯಾಕತ್ತೈತಿ. ಉರಿಯೋ ಒಲಿ ಮುಂದ ನಿಂತು ಮನಿ ಇಲ್ಲ ಅಂತಾರೇನ್ರಿ ಯಾರರ?”

ಆಗ ಶುರುವಾಯಿತು ನೋಡಿ ಯುದ್ಧ. ಮಾಸ್ತರನು ಚೀಲವನ್ನು ಎದೆಗವಚಿಕೊಂಡು, ಪಕ್ಕದ ಪೈಪುಗಳು ಮಾರ್ದನಿಗೊಡುವಂತೆ ಗರ್ಜಿಸಿದನು. “ನಾ ಯಾರು ಗೊತ್ತೈತೇನು? ಎರಡು ಜನಗಣತಿ, ಮೂರು ದನದ ಗಣತಿ ಮಾಡಿದವ. ಸೊಸಿ ಹೆಸರು ಹೇಳಬಾರ್ದು ಅಂತ ಹಟ ಹಿಡಿದ ಅತ್ತಿ ಬಾಯಿಂದ ಸೊಸಿ ಹೆಸರು ತಗಿಸೀನಿ. ನಿನ್ನ ಬಾಯಿಂದ ಎರಡಕ್ಷರ ತಗಸಾಕ ಆಗಾಂಗಿಲ್ಲೇನು ನನಗ?”

ಫಕೀರವ್ವ ಸೊಂಟಕ್ಕೆ ಸೆರಗು ಬಿಗಿದಳು. “ನಾನೂ ಕೇಳೀನಿ ಬಿಡ್ರಿ ನಿಮ್ಮಂಥವ್ರ ಮಾತು. ಮೂವತ್ತು ವರ್ಷ ಉಳ್ಳಾಗಡ್ಡಿ ಆರಿಸೀನಿ, ಕಣ್ಣಾಗ ನೀರು ಬಂದಾವು, ಬಾಯಾಗ ಇಲ್ಲ ಅನ್ನೋ ಮಾತು ಬಂದಿಲ್ಲ. ಗಂಡ ಸತ್ತ ದಿನಾನೂ ಬಂದವರಿಗೆ ನೀರು ಕೊಟ್ಟಾಕಿ ನಾನು.”

“ಸುಮ್ಮನ ಅಂದು ಬಿಡ ಅತ್ಲಾಗ,” ಎಂದಳು ಮಾಬೂಬಿ, ತನ್ನ ಪೈಪಿನಿಂದ ತಲೆಯಷ್ಟೇ ಹೊರಹಾಕಿ. “ಸೋಮವಾರ ಕ್ರೇನು ಬರ್ತೈತಿ. ಅದರ ಮುಂದ ಹೇಳ್ತಿಯೇನು ನಮ್ಮನಿ ಅಂತ?”

“ನಿಂದು ಬಾಯಿ ಸಡ್ಲ ಐತಿ, ನೀ ಅಂದಿ.”

“ಒಲಿ ಆರಿಸಿ ಅನ್ನು ಹಂಗಾರ,” ಎಂದನು ಮಾಸ್ತರ.

“ಚಾ ಅರ್ಧ ಕುದ್ದೈತ್ರಿ.”

ಸೂರ್ಯದೇವನು ಪಶ್ಚಿಮದ ಕಡೆ ಎರಡು ಮಾರು ಸರಿದನು. ಮಾಸ್ತರನ ಬೆವರು ಕಾಲಮ್ಮುಗಳ ಮೇಲೆ ತೊಟ್ಟಿಕ್ಕಿತು. ಫಕೀರವ್ವನ ಹಟ ಸಡಿಲಲಿಲ್ಲವಾದರೂ ಅವಳ ಕಣ್ಣು ಒಮ್ಮೆ ಪೈಪಿನ ಒಳಗೆ ಹೋಗಿ ಬಂತು. ಅಲ್ಲಿ ಒಂದು ಟ್ರಂಕು, ಒಂದು ಕೌದಿ, ಗೋಡೆಯಲ್ಲದ ಗೋಡೆಗೆ ಅಂಟಿಸಿದ ದೇವರ ಪಟ ಇದ್ದವು. ಕ್ರೇನಿನ ಮಾತು ಅವಳಿಗೆ ನಾಟಿತ್ತು.

“ಬಳಿ ಒಡೆದ್ರ ಹೆಚ್ಚಿದುವು ಅಂತೀವಿ,” ಎಂದಳು, ಈ ಸಲ ಮೆಲ್ಲಗೆ. “ದೀಪ ಆರಿದ್ರ ದೊಡ್ಡದಾತು ಅಂತೀವಿ. ಅಕ್ಕಿ ತೀರಿದ್ರ ತುಂಬ್ಯಾವು ಅಂತೀವಿ. ಇಲ್ಲ ಅನ್ನೋದು ನನಗ ಬರೂದಿಲ್ರೀ ಮಾಸ್ತರ. ಕಲಿತಿಲ್ಲ.”

ಮಾಸ್ತರನ ತಲೆಯಲ್ಲಿ ಮಿಂಚು ಹೊಳೆಯಿತು. ಯುದ್ಧ ತಂತ್ರವೆಂದರೆ ಇದು. ಮಗ್ಗಿ ಹೇಳಿಕೊಟ್ಟು ಕೊಟ್ಟು ಸವೆದ ಆ ಮಿದುಳಿನಲ್ಲಿ ಇಂಥದ್ದು ಉಳಿದಿತ್ತೆಂದು ಅವನಿಗೇ ಗೊತ್ತಿರಲಿಲ್ಲ.

“ಹಂಗಾರ ಮನಿ ತುಂಬೈತಿ ಅನ್ನು.”

ಫಕೀರವ್ವ ಅವನ ಮುಖ ನೋಡಿದಳು. ಅರ್ಥವಾಯಿತು. ಒಲೆಗೆ ಕೈಮುಗಿದು, ಸ್ಪಷ್ಟವಾಗಿ ಹೇಳಿದಳು. “ಮನಿ ತುಂಬೈತ್ರಿ.”

ಮಾಸ್ತರನು ಒಂಬತ್ತನೇ ಕಾಲಮ್ಮಿನಲ್ಲಿ ‘ಇಲ್ಲ’ ಎಂದು ಬರೆದನು. ಮಾಹಿತಿದಾರಳು ಬಾಯಿಂದ ಹೇಳಿದ್ದಳು, ಗಣತಿದಾರನು ಕೈಯಿಂದ ಬರೆದಿದ್ದನು, ನಿಯಮದ ಕೂದಲೂ ಕೊಂಕಲಿಲ್ಲ. ದೇವತೆಗಳು ಹೂಮಳೆ ಸುರಿಸಿದರೋ ಇಲ್ಲವೋ, ಮಾಬೂಬಿ ಚಪ್ಪಾಳೆ ತಟ್ಟಿದಳು. ವೀರನು ತಲೆ ಬಗ್ಗಿಸಿ ಪೈಪಿನೊಳಗೆ ಹೋಗಿ ಕೌದಿಯ ಮೇಲೆ ಕುಳಿತನು. ಶುಂಠಿ ಹಾಕಿದ ಚಹಾ, ಸ್ಟೀಲಿನ ಲೋಟ, ಮೇಲೊಂದು ಒಣ ರೊಟ್ಟಿ. ದಣಿವಾರಿ, ಕಾಲು ಚಾಚಿ, ಮಿಕ್ಕ ಕಾಲಮ್ಮುಗಳನ್ನು ಅವನು ಅಲ್ಲೇ ತುಂಬಿ ಮುಗಿಸಿದನು. ಹದಿನಾಲ್ಕನೆಯದು ಸುಲಭದ್ದು: ಮಾಹಿತಿದಾರರು ಭೇಟಿಯಾದ ಸ್ಥಳ. ಇಪ್ಪತ್ತು ವರ್ಷಗಳಿಂದ ಎಲ್ಲ ಗಣತಿಗಳಲ್ಲೂ ಅಲ್ಲಿ ಬರೆಯುತ್ತ ಬಂದಿದ್ದನ್ನೇ ಕೈ ತಾನಾಗಿ ಬರೆಯಿತು. ‘ಅವರ ಮನೆ.’

ಎಂಟು ದಿನ ಕಳೆಯಿತು. ಕ್ರೇನು ಹೇಳಿದ ದಿನಕ್ಕೇ ಬಂತು. ಈ ಊರಿನಲ್ಲಿ ಹೇಳಿದ ದಿನಕ್ಕೆ ಬಂದದ್ದು ಅದೊಂದೇ. ಪೈಪುಗಳು ಮಣ್ಣಿನೊಳಗೆ ಹೋದವು, ಮಾಬೂಬಿ ಕೆರೆ ದಂಡೆಯ ಖೋಲಿಗೆ ಹೋದಳು, ಫಕೀರವ್ವ ಟ್ರಂಕು ಹೊತ್ತು ಮಾರುಕಟ್ಟೆಯ ತೂಕದ ಕಟ್ಟೆಯ ಮಗ್ಗುಲಿಗೆ ಹೋದಳು. ಅವಳ ಹೆಸರಿನ ಮೇಲೆ ಕಚೇರಿಯಲ್ಲಿ ಕೆಂಪು ಗೆರೆ ಬಿದ್ದಿತ್ತು. ಒಂಬತ್ತರಲ್ಲಿ ಮನೆ ಇಲ್ಲ, ಹದಿನಾಲ್ಕರಲ್ಲಿ ಮನೆಯಲ್ಲಿ ಭೇಟಿ. ಗಣತಿದಾರರು ಲಿಖಿತ ವಿವರಣೆ ನೀಡತಕ್ಕದ್ದು.

ಜನ-ಕುರಿ-ಕೋಳಿ-ಶೌಚಾಲಯ-ಸಂಖ್ಯಾಕೋವಿದನು ಕಚೇರಿಯ ಬೆಂಚಿನ ಮೇಲೆ ಕುಳಿತು, ಮೂರು ಹಾಳೆ ಹರಿದು, ನಾಲ್ಕನೆಯದರಲ್ಲಿ ಬರೆದು ಕೊಟ್ಟನು:

‘ಮಾನ್ಯರೇ, ಸದರಿ ಸ್ಥಳದಲ್ಲಿ ಚಹಾ ಕುಡಿದ ಕಾರಣ ಮನೆ ಎಂದು ಬರೆದಿರುತ್ತೇನೆ. ತಪ್ಪಾಗಿದೆ, ಕ್ಷಮಿಸಬೇಕು.’