ಖಾಸಿಂಸಾಬನ ನರದ ಬೆಳೆ

ಸೂಕ್ಷ್ಮದರ್ಶಕದಲ್ಲಿ ಇಣುಕಿದರೆ ರಾಚಯ್ಯನ ಗಾಜಿನ ತಟ್ಟೆ ಮಳೆಗಾಲದ ಹೊಲದಂತೆ ತುಂಬಿತ್ತು. ಸಂಗಯ್ಯನ ತಟ್ಟೆಯೋ ಬೊಕ್ಕತಲೆ, ಅಲ್ಲೊಂದು ಇಲ್ಲೊಂದು ಎಳೆ. ಅವತ್ತಿನ ಅನಾಹುತಕ್ಕೆಲ್ಲ ಕಾರಣ ಇಷ್ಟೇ.

ಅದು ೧೯೮೪ರ ಮೇ ತಿಂಗಳು. ಬಾಗಲಕೋಟೆಯಲ್ಲಿ ಡಾಕ್ಟರ್ ಇಂದ್ರಾಬಾಯಿಯವರ ಪುಟ್ಟ ಪ್ರಯೋಗಶಾಲೆಯಲ್ಲಿ ಇಬ್ಬರೂ ಹಂಗಾಮಿ ಸಹಾಯಕರು. ಇಳಕಲ್ಲಿನ ನೇಕಾರ ಖಾಸಿಂಸಾಬ ಲಾರಿಗೆ ಸಿಕ್ಕು ಕಾಲು ಕಳೆದುಕೊಂಡಾಗ, ಕತ್ತರಿಸಿದ ಕಾಲಿನ ನರವನ್ನು ದಾನ ಕೊಟ್ಟಿದ್ದ. ನರಕ್ಕೆ ಆಸರೆಯಾಗಿ ಸುತ್ತಿಕೊಂಡಿರುವ ಜೀವಕೋಶಗಳನ್ನು ಅದರಿಂದ ಬೆಳೆಸಬೇಕಿತ್ತು. ಯಾರ ತಟ್ಟೆ ಗೆಲ್ಲುತ್ತದೋ ಅವರಿಗೆ ಕಾಯಂ ನೌಕರಿ. ನೌಕರಿ ಕಾಯಂ ಆದರೆ ಸಂಗಯ್ಯನಿಗೆ ಹುನಗುಂದದ ಹೆಣ್ಣೂ ಕಾಯಂ.

"ವಾರಕ್ಕೊಮ್ಮೆ ನರದ ತುಣುಕು ಹೊಸಾ ತಟ್ಟಿಗೆ ದಾಟಸ್ರಿ. ಹಳೇದರಾಗ ಬೆಳದದ್ದು ಚೆಲ್ರಿ," ಎಂದಿದ್ದರು ಡಾಕ್ಟರ್.

ಸಂಗಯ್ಯ ಐದು ವಾರ ತಪ್ಪದೆ ದಾಟಿಸಿದ್ದ. ಬೆಳೆದದ್ದನ್ನು ಕಣ್ಣು ಮುಚ್ಚಿಕೊಂಡು ಚೆಲ್ಲಿದ್ದ. ರಾಚಯ್ಯ ಒಮ್ಮೆಯೂ ದಾಟಿಸಲಿಲ್ಲ. "ಕೈಗೆ ಬಂದ ಬೆಳಿ ಯಾರರ ಚೆಲ್ತಾರೇನಲೇ?" ಎಂದು ಕಾಲು ಚಾಚಿ ಕೂತಿದ್ದ.

ತೀರ್ಪಿನ ದಿನ ಬೆಳಿಗ್ಗೆಯೇ ಖಾಸಿಂಸಾಬ ಊರುಗೋಲು ಕುಟ್ಟುತ್ತ ಬಂದ. "ನನ್ನ ಕಾಲು ಎಲ್ಲೀತನ ಬಂತ್ರೆಪಾ? ಬೆರಳು ಮೂಡ್ಯಾವೇನು?"

ರಾಚಯ್ಯ ತನ್ನ ತಟ್ಟೆ ತೋರಿಸಿದ. "ಮಾಶಾ ಅಲ್ಲಾ! ಏನ್ ತುಂಬೈತಿ!" ಎಂದ ಖಾಸಿಂಸಾಬ. ಸಂಗಯ್ಯನ ತಟ್ಟೆ ನೋಡಿ ಮುಖ ಸಣ್ಣದಾಯಿತು. "ಸಂಗಯ್ಯಾ, ನನ್ನ ನರಾ ಉಪವಾಸ ಕೆಡವೀಯೇನೋ?"

ರಾಚಯ್ಯ ಕಿಸಕ್ಕನೆ ನಕ್ಕ. ಸಂಗಯ್ಯ ತನ್ನ ತಟ್ಟೆಗೆ ಮುಚ್ಚಳ ಹಾಕಿ ಮೂಲೆಗೆ ಸರಿಸಿದ.

ಮಧ್ಯಾಹ್ನ ಕರೆಂಟು ಹೋಯಿತು. ಕೋಣೆ ಒಲೆಯಾಯಿತು. "ಬಿಸಿಲಿಗೆ ಬೆಂದ ಹೋಗ್ತಾವು! ತಟ್ಟಿ ನೀರಿನ ಗಡಿಗಿ ಹತ್ರ ಇಡ್ರಿ!" ಎಂದು ಡಾಕ್ಟರ್ ಒಳಗಿನಿಂದ ಕೂಗಿದರು. ಒದ್ದೆ ಗೋಣಿಚೀಲ ತರಲು ರಾಚಯ್ಯ ಓಡಿದ.

ಎರಡು ತಟ್ಟೆ, ಒಬ್ಬನೇ ಸಂಗಯ್ಯ. ಹೆಸರು ಬರೆದದ್ದು ಮುಚ್ಚಳದ ಮೇಲೆ ಮಾತ್ರ. ಮುಚ್ಚಳ ಅದಲುಬದಲು ಮಾಡಿದ.

"ಏನ್ ಮಾಡಾಕತ್ತೀ?" ಬಾಗಿಲಲ್ಲಿ ಖಾಸಿಂಸಾಬ.

"ಬೆ... ಬೆವರು ಒರಸಾಕತ್ತೇನ್ರಿ."

"ತಟ್ಟಿ ಬೆವರ್ತಾವೇನು?"

"ನಿಮ್ಮ ಕಾಲು ಅಲ್ಲೇನ್ರಿ ಅದು, ಬೆವರ್ತೈತಿ."

ಖಾಸಿಂಸಾಬನಿಗೆ ಇದು ಸರಿ ಅನ್ನಿಸಿತು.

ನಾಲ್ಕಕ್ಕೆ ಕರೆಂಟು ಬಂತು, ಡಾಕ್ಟರೂ ಬಂದರು. 'ಸಂಗಯ್ಯ' ಎಂದಿದ್ದ ತುಂಬಿದ ತಟ್ಟೆಯನ್ನು ಮೊದಲು ನೋಡಿದರು. ಸಂಗಯ್ಯ ಮನಸ್ಸಿನಲ್ಲೇ ಬಾಸಿಂಗ ಕಟ್ಟಿಕೊಂಡ.

"ಎಷ್ಟು ಸಲ ದಾಟಿಸ್ದಿ?"

"ಐದ್ ಸಲ್ರಿ!"

"ಸುಳ್ಳಾಡಬ್ಯಾಡ. ಒಂದ್ ಸಲಾನೂ ದಾಟಿಸಿಲ್ಲ. ಇದೆಲ್ಲಾ ಬರೇ ಕಸ, ಬ್ಯಾರೆ ಕೋಶ. ಕಸಾ ಮೊದಲ ಹೊರಗ ಬಂದು ದಬದಬ ಬೆಳೀತೈತಿ. ಅದು ಹಿಂದ ಉಳೀಲಿ ಅಂತನ ದಾಟಸ್ರಿ ಅಂದಿದ್ದೆ."

ಆಮೇಲೆ 'ರಾಚಯ್ಯ' ಎಂದಿದ್ದ ತಟ್ಟೆ. ಡಾಕ್ಟರ ಮುಖ ಅರಳಿತು. "ಭಲೇ! ಇವು ನೋಡು ಖರೆ ಆಸರಿ ಕೋಶ. ಸ್ವಲ್ಪ ಅದಾವು, ಆದ್ರ ಒಂದೂ ಕಸಾ ಇಲ್ಲ. ಖಾಸಿಂಸಾಬ್, ಬರ್ರಿ, ನಿಮ್ಮ ಮಗ್ಗದ ಎಳಿಯಂಗ ಸಾಲಾಗಿ ನಿಂತಾವು!"

ಖಾಸಿಂಸಾಬ ಇಣುಕಿದ. ಬಹಳ ಹೊತ್ತು ಮೇಲೇಳಲಿಲ್ಲ. "ಖರೇನ ಇದು ನಂದ ನರಾ," ಎಂದ.

"ಮೇಡಂ, ಅದು ನಂದ್ರಿ!" ಸಂಗಯ್ಯ ಕೂಗಿಯೇಬಿಟ್ಟ.

"ಮುಚ್ಚಳದ ಮ್ಯಾಲ ರಾಚಯ್ಯ ಅಂತೈತಿ. ಯಾರರ ಬದಲಿ ಮಾಡ್ಯಾರೇನು?"

"ಛೇ ಛೇ, ನಾ ಕಣ್ಣಾರೆ ನೋಡೇನ್ರಿ," ಖಾಸಿಂಸಾಬ ಸಾಕ್ಷಿ ನುಡಿದ. "ಪಾಪ, ಸಂಗಯ್ಯ ಬರೇ ಬೆವರು ಒರಸಿದ. ಹೌದಿಲ್ಲೋ?"

ಎಲ್ಲರೂ ಸಂಗಯ್ಯನನ್ನೇ ನೋಡಿದರು.

"...ಹೌದ್ರಿ."

ಸಂಜೆ ಕಾಯಂ ನೌಕರ ರಾಚಯ್ಯ ಸಂಗಯ್ಯನ ಹೆಗಲ ಮೇಲೆ ಕೈ ಹಾಕಿದ. "ದೋಸ್ತಾ, ಇದು ಹೆಂಗಾತೋ ನನಗೂ ತಿಳೀವಲ್ದು. ಆ ದಾಟ್ಸೂದು ಹೆಂಗಂತ ನಾಳೆ ಒಂದೀಟು ಕಲಸ್ತೀಯೇನು?"

ಸಂಗಯ್ಯ ತಲೆಯಾಡಿಸಿದ.

"ಮತ್ತ ಇನ್ನೊಂದು. ಹುನಗುಂದದಾಗ ಕಾಯಂ ನೌಕರಿ ಅಳಿಯಾನ ಬೇಕಂತಿದ್ರಲ್ಲ, ಅವರ ಮನಿ ಯಾವ ಓಣ್ಯಾಗ ಬರತೈತಿ?"

ಸಂಗಯ್ಯ ಹಣೆ ಒರೆಸಿಕೊಂಡ. ಈ ಸಲ ಅದು ನಿಜವಾದ ಬೆವರು.